ಒಳಗಿನ ಕಡ್ಡಿ

ಯಾರಾದರೂ ಒಂದೇ ವಿಷಯ ಹಿಡಿದುಕೊಂಡು ತಲೆ ತಿನ್ನತೊಡಗಿದರೆ ‘ಸಾಕು, ಪಿಟೀಲು ಕುಯ್ಯಬೇಡ’ ಎನ್ನುವುದು ನಮ್ಮಲ್ಲಿ ವಾಡಿಕೆ. ನಮ್ಮ ಪಿಟೀಲು ಮೇಷ್ಟ್ರ ಎದುರಿಗೆ ಆ ಮಾತು ಆಡಿದವನು ಕೆಟ್ಟ. ‘ಕುಯ್ಯೋದು ಸೌದೆಯನ್ನ. ಪಿಟೀಲು ನುಡಿಸ್ತಾರೆ’ ಎಂದು ಗದರುತ್ತಿದ್ದರು. ಅಂಥವರೇ, ನಾನು ತಂತಿಯ ಮೇಲೆ ಮೊದಲ ಸಲ ಕಮಾನು ಎಳೆದ ದಿನ ಕಣ್ಣು ಮುಚ್ಚಿ ಕೇಳಿಸಿಕೊಂಡು, ‘ಇದು ಮಾತ್ರ ಕುಯ್ದದ್ದೇ ಕಣಪ್ಪಾ’ ಎಂದರು.

1972ನೇ ಇಸವಿ. ನನಗೆ ಹತ್ತು ವರ್ಷ. ಮೈಸೂರಿನ ಅಗ್ರಹಾರದ ಓಣಿಯೊಂದರಲ್ಲಿ ಅವರ ಹೆಂಚಿನ ಮನೆ. ಬೆಳಿಗ್ಗೆ ಆರಕ್ಕೆ ಪಾಠ. ನಡುಮನೆಯಲ್ಲಿ ಒಂದು ಚಾಪೆ, ಅದರ ತುದಿಗೆ ಶ್ರುತಿಪೆಟ್ಟಿಗೆ. ಒಳಗೆ ಕಾಲಿಡುವ ಮುಂಚೆ ಅಂಗೈ ತೋರಿಸಬೇಕಿತ್ತು. ಜಿಡ್ಡು ಕಂಡರೆ ಹಿತ್ತಲಿಗೆ ಕಳಿಸುತ್ತಿದ್ದರು. ಕಮಾನಿನ ಕುದುರೆಕೂದಲಿಗೆ ಎಣ್ಣೆ ತಗುಲಿದರೆ ಅದು ತಂತಿಯನ್ನು ಹಿಡಿಯುವುದಿಲ್ಲ, ಜಾರುತ್ತದೆ. ಹಿಡಿತಕ್ಕೆಂದೇ ರಾಳ ತಿಕ್ಕುವುದು. ತಿಕ್ಕಿ ತಿಕ್ಕಿ ಮೇಷ್ಟ್ರ ಪಂಚೆಯ ತೊಡೆಯ ಭಾಗ ಸದಾ ಬೆಳ್ಳಗೆ, ಹಿಟ್ಟಿನ ಗಿರಣಿಯವರ ಹಾಗೆ.

ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ಸುರುಳಿ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಇರಿಸಿಕೊಳ್ಳಬೇಕು. ಮೇಷ್ಟ್ರ ಹರಡಿನಲ್ಲಿ ಅದು ಕೂತು ಕೂತು ಒಂದು ಕಪ್ಪು ಜಡ್ಡು ಬಿದ್ದಿತ್ತು. ಮೊದಲ ಎರಡು ತಿಂಗಳು ಬರೀ ಖಾಲಿ ತಂತಿಯ ಮೇಲೆ ಕಮಾನು. ಆಮೇಲೆ ಮಾಯಾಮಾಳವಗೌಳದ ಸರಳೆ, ಜಂಟಿ, ಅಲಂಕಾರ. ಮಲಹರಿಯ ಗೀತೆಗೆ ಬರುವಷ್ಟರಲ್ಲಿ ವರ್ಷ ತುಂಬಿತ್ತು.

‘ಇದು ಇಂಗ್ಲಿಷರ ವಾದ್ಯ ಅಲ್ವಾ ಮೇಷ್ಟ್ರೇ?’ ಎಂದು ಒಮ್ಮೆ ಕೇಳಿದ್ದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿನವರೊಬ್ಬರಿಂದ ಇದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದ ಕಥೆ ಹೇಳಿ, ‘ಅವರ ನಾಲ್ಕು ತಂತಿಗೆ ನಾಲ್ಕು ಸ್ವರ. ನಮ್ಮ ನಾಲ್ಕಕ್ಕೆ ಎರಡೇ: ಸ, ಪ, ಸ, ಪ. ಅವರು ನಿಂತು ನುಡಿಸಿದರು, ನಾವು ಕೂರಿಸಿದೆವು. ಮನೆಯೊಳಗೆ ಬಂದು ನೆಲದ ಮೇಲೆ ಕೂತವರು ಇನ್ನು ನೆಂಟರಲ್ಲ’ ಎಂದಿದ್ದರು.

ಚೌಡಯ್ಯನವರ ಮಾತು ಬಂದರೆ ಪಾಠ ನಿಂತ ಹಾಗೆಯೇ. ಅದಕ್ಕೇ ನಾವು ಬೇಕೆಂದೇ ಆ ಮಾತು ತೆಗೆಯುತ್ತಿದ್ದೆವು. ತಿರುಮಕೂಡಲಿನಿಂದ ಬಂದ ಹುಡುಗ ಬಿಡಾರಂ ಕೃಷ್ಣಪ್ಪನವರಲ್ಲಿ ಪಾಠವಾದದ್ದು, ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯನ್ನು ಏಳು ಮಾಡಿದ್ದು, 1957ರಲ್ಲಿ ಸಂಗೀತ ಕಲಾನಿಧಿ ಎನಿಸಿದ್ದು. ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದಲ್ಲಿ ಆ ಏಳು ತಂತಿಯ ನಾದ ಕೇಳಿದ ರಾತ್ರಿ ಮೇಷ್ಟ್ರು ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ. ‘ಹಸಿವಾಗಲಿಲ್ವಾ?’ ಎಂದು ನಾವು. ‘ಆಯಿತು. ಆದರೆ ತಿಂದರೆ ಕೈ ಜಿಡ್ಡಾಗುತ್ತೆ’ ಎಂದು ಅವರು.

ಸ್ವತಃ ಮೇಷ್ಟ್ರು ಮುಂದಿನ ಸಾಲಿನ ಹೆಸರಲ್ಲ. ಮದುವೆಮನೆ, ರಾಮೋತ್ಸವ ಎಂದು ಊರೂರಿಗೆ ಪಕ್ಕವಾದ್ಯಕ್ಕೆ ಹೋಗುತ್ತಿದ್ದರು. ‘ಹಾಡೋರು ಮುಂದೆ ಎಲ್ಲಿಗೆ ಹೋಗ್ತಾರೆ ಅಂತ ಗೊತ್ತಿದ್ದರೂ ಅವರಿಗಿಂತ ಮೊದಲು ಹೋಗಿ ನಿಲ್ಲಬಾರದು. ಗೊತ್ತಿಲ್ಲದಿದ್ದರೆ ಅದು ಸಭೆಗೆ ಕಾಣಬಾರದು. ಇಷ್ಟೇ ವಿದ್ಯೆ’ ಎನ್ನುತ್ತಿದ್ದರು. ರಾತ್ರಿ ಕಚೇರಿ ಮುಗಿಸಿ ಕೊನೆಯ ಬಸ್ಸಿಗೆ ಬಂದಿದ್ದರೂ ಬೆಳಿಗ್ಗೆ ಆರಕ್ಕೆ ಶ್ರುತಿಪೆಟ್ಟಿಗೆ ಉಸಿರಾಡುತ್ತಿತ್ತು.

ಮಳೆಗಾಲದಲ್ಲಿ ಬಿರಡೆಗಳು ಉಬ್ಬಿ ತಿರುಗುತ್ತಿರಲಿಲ್ಲ. ಬೇಸಿಗೆಯಲ್ಲಿ ಒಣಗಿ ಜಾರುತ್ತಿದ್ದವು. ಅಂಥದೊಂದು ಬೇಸಿಗೆಯಲ್ಲಿ ಬಿರಡೆಗೆ ಸೀಮೆಸುಣ್ಣ ಹಚ್ಚುತ್ತಾ ಮೇಷ್ಟ್ರು ನನ್ನನ್ನು ಹತ್ತಿರ ಕರೆದು ಪಿಟೀಲಿನ ಹೊಟ್ಟೆಯ ಸೀಳಿನೊಳಗೆ ನೋಡಲು ಹೇಳಿದರು. ಕತ್ತಲಲ್ಲಿ ಪೆನ್ಸಿಲಿನ ತುಂಡಿನಂಥ ಒಂದು ಕಡ್ಡಿ ನೆಟ್ಟಗೆ ನಿಂತಿತ್ತು. ‘ಅದಕ್ಕೆ ಅಂಟಿಲ್ಲ, ಮೊಳೆ ಇಲ್ಲ. ತಂತಿ ಕುದುರೆಯನ್ನ ಒತ್ತುತ್ತೆ, ಕುದುರೆ ಹಲಗೆಯನ್ನ ಒತ್ತುತ್ತೆ, ಆ ಒತ್ತಡಕ್ಕೇ ಅದು ನಿಂತಿರೋದು. ಎಲ್ಲ ತಂತಿ ಒಟ್ಟಿಗೆ ಸಡಿಲ ಬಿಟ್ಟೆಯೋ, ಬಿದ್ದುಹೋಗುತ್ತೆ. ಆಮೇಲೆ ಎಷ್ಟು ನುಡಿಸಿದರೂ ಮರದ ಸದ್ದು.’

ಪಿಯುಸಿ ಬಂತು. ‘ಪರೀಕ್ಷೆ ಮುಗಿಸಿ ಬಾ’ ಎಂದರು. ಪರೀಕ್ಷೆ ಮುಗಿಯಿತು, ನಾನು ಬೆಂಗಳೂರಿಗೆ ಹೋದೆ. 1980ರಲ್ಲಿ ಅಲ್ಲಿ ಪಿಟೀಲಿನ ಆಕಾರದಲ್ಲೇ ಚೌಡಯ್ಯ ಸ್ಮಾರಕ ಭವನ ಎದ್ದು ನಿಂತಾಗ, ತಂತಿ, ಬಿರಡೆ, ಕಮಾನು ಎಲ್ಲ ಇರುವ ಆ ಕಟ್ಟಡವನ್ನು ವರ್ಣಿಸಿ ಮೇಷ್ಟ್ರಿಗೆ ಒಂದು ಕಾರ್ಡು ಬರೆದೆ. ವಾರದಲ್ಲಿ ಉತ್ತರ ಬಂತು. ಎರಡೇ ಸಾಲು: ‘ನೋಡಿದ್ದು ಸಂತೋಷ. ಅಭ್ಯಾಸ ನಡೆದಿದೆ ತಾನೆ?’ ಆ ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ.

ಆಮೇಲೆ ಒಮ್ಮೆ ಹೋದಾಗ ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು. ಮಕ್ಕಳೆಲ್ಲ ಟ್ಯೂಷನ್ನಿಗೆ, ಕೀಬೋರ್ಡಿಗೆ ಹೋಗುತ್ತಾರೆಂದು ಅಮ್ಮಾವರು ಹೇಳಿದರು. ‘ಈಗಲೂ ಐದೂವರೆಗೆ ಎದ್ದು ಶ್ರುತಿ ಸೇರಿಸ್ತಾರೆ. ಆರಾಗುತ್ತೆ, ಆರೂವರೆ ಆಗುತ್ತೆ, ಎತ್ತಿಡ್ತಾರೆ.’ ಮೇಷ್ಟ್ರು ಏನೂ ಹೇಳಲಿಲ್ಲ. ನನ್ನ ಎಡಗೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಜಡ್ಡು ಕರಗಿ ಮೆತ್ತಗಾಗಿದ್ದವು. ಕೈ ಬಿಟ್ಟು, ‘ಕಾಫಿ ಕುಡಿದು ಹೋಗು’ ಎಂದರು.

ಅವರು ಹೋದದ್ದು ನನಗೆ ತಿಳಿದದ್ದು ತಿಂಗಳಾದ ಮೇಲೆ. ಅಮ್ಮಾವರು ಪಿಟೀಲಿನ ಪೆಟ್ಟಿಗೆಯನ್ನು ನನ್ನ ಮಡಿಲಿಗಿಟ್ಟು, ‘ನೀನು ಒಳಗೆ ನೋಡಿದ್ದೀಯಂತೆ’ ಎಂದರು.

ಅದು ವರ್ಷಗಟ್ಟಲೆ ಅಟ್ಟದ ಮೇಲಿತ್ತು. ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಇಳಿಸಿದೆ. ಕುದುರೆ ಮಲಗಿತ್ತು, ನಾಲ್ಕೂ ತಂತಿ ಜೋತುಬಿದ್ದಿದ್ದವು. ಎತ್ತಿದರೆ ಒಳಗೆ ಏನೋ ಕಟಕಟ ಎಂದು ಉರುಳಿತು. ರಿಪೇರಿಯವನ ಹತ್ತಿರ ಒಯ್ದೆ. ಅವನು ಅಲ್ಲಾಡಿಸಿ ಕೇಳಿ, ‘ಕಡ್ಡಿ ಬಿದ್ದಿದೆ ಸಾರ್. ನಿಲ್ಲಿಸಿಕೊಡೋದು ಹತ್ತು ನಿಮಿಷದ ಕೆಲಸ’ ಎಂದ. ಆಮೇಲೆ ಕೇಳಿದ: ‘ದಿನಾ ನುಡಿಸೋರು ಯಾರು, ನೀವೇನಾ?’