ಮಾರಿ ಕಾಣಬೇಕು



"ನೀ ಆಫೀಸಿನ್ಯಾಗ ಕ್ಲರ್ಕು, ಹೊರಗ ಹೋರಾಟ. ನಡುವ ಈ ಫೋಟೊ ತಗಿಯೂ ಚಟ ಯಾಕ?" ಅಂತ ಗೆಳೆಯರು ಕೇಳ್ತಿರ್ತಾರೆ. ಚಟ ಅಲ್ಲ. ವರ್ಷಗಟ್ಟಲೆ ಫೈಲು ನೋಡಿದವನಿಗೆ ಒಂದು ಗೊತ್ತು. ಬರೀ ಅರ್ಜಿ ಕೊಟ್ರೆ "ಪರಿಶೀಲಿಸಲಾಗುವುದು" ಅಂತ ಷರಾ ಬೀಳ್ತದೆ. ಜೊತೆಗೆ ಫೋಟೊ ಇದ್ರೆ ಯಾರಾದರೂ ಒಬ್ಬ ಸಾಹೇಬರು ಕುರ್ಚಿ ಬಿಟ್ಟು ಏಳ್ತಾರೆ. ಆದರೆ ಆ ಫೋಟೊದಾಗ ಮಾರಿ ಕಾಣಬೇಕು. ತ್ರಾಸು ಇರೋದೇ ಅಲ್ಲಿ.

ನಮ್ಮ ಮಂದಿ ದುಡಿಯೋ ಹೊತ್ತು ಫೋಟೊಕ್ಕೆ ಒಗ್ಗೋ ಹೊತ್ತಲ್ಲ. ಬೈಲಹೊಂಗಲದ ಪೇಟೆಯಾಗ ಪೌರಕಾರ್ಮಿಕ ಅಕ್ಕಂದಿರು ಕಸಬರಿಗೆ ಹಿಡಿಯೋದು ಅಂಗಡಿ ಬಾಗಿಲು ತೆಗೆಯೋ ಮೊದಲು, ನಸುಕಿನ್ಯಾಗ. ಗಟಾರ ಕಟ್ಟಿಕೊಳ್ಳೋದು ಜಿಟಿಜಿಟಿ ಮಳೆಯಾಗ. ಚಂದದ ಬೆಳಕು ಬೀಳೋ ಹೊತ್ತಿಗೆ ರಸ್ತೆ ಸ್ವಚ್ಛ ಇರ್ತದೆ, ಮಾಡಿದವರು ಇರೋದಿಲ್ಲ.

ನಮ್ಮ ಕಡೆಯ ಒಂದು ಊರಾಗ ಒಳಚರಂಡಿ ಗುಂಡಿಗೆ ಇಳಿದವರೊಬ್ಬರ ಫೋಟೊ ಒಬ್ಬ ಹುಡುಗ ತಂದುಕೊಟ್ಟ. ಹಿಂದೆ ಮೋಡದ ಬಿಳಿ ಆಕಾಶ, ಮುಂದೆ ಮನುಷ್ಯ ಕರಿ ಗೊಂಬೆ. ಅಧಿಕಾರಿ ನೋಡಿ, "ಇವ ಯಾರು? ಕೈಯಾಗ ಗ್ಲೌಸ್ ಐತೋ ಇಲ್ಲೋ ಹೆಂಗ ಹೇಳ್ತೀರಿ?" ಅಂದ್ರು. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಇತ್ತು, ಮನುಷ್ಯ ಇದ್ದ, ಬೆಳಕು ಇರಲಿಲ್ಲ.

ಯಾಕೆ ಹಿಂಗಾಗ್ತದೆ? ಕ್ಯಾಮೆರಾ ಎದುರಿನ ನೋಟದ ಸರಾಸರಿ ಲೆಕ್ಕ ಹಾಕಿ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರೋಕೆ ನೋಡ್ತದೆ. ಬಿಳಿ ಆಕಾಶ ಹೆಚ್ಚಿದ್ರೆ ಬೆಳಕು ಜಾಸ್ತಿ ಆಯ್ತು ಅಂತ ತಿಳಿದು ಕಡಿಮೆ ಮಾಡ್ತದೆ. ಆಗ ಮೊದಲು ಮುಳುಗೋದು ಬಿಸಿಲಾಗ ದುಡಿದು ಕಪ್ಪಾದ ಮಾರಿ. ಇದು ಹಳೇ ರೋಗ. ಅಮೆರಿಕದ ಕೊಡ್ಯಾಕ್ ಕಂಪನಿ ಬಣ್ಣ ಹೊಂದಿಸೋಕೆ ಲ್ಯಾಬುಗಳಿಗೆ ಕಳಿಸ್ತಿದ್ದ "ಶರ್ಲಿ ಕಾರ್ಡ್" ಮೇಲೆ ಇದ್ದದ್ದು ಬಿಳಿ ಹೆಣ್ಣುಮಗಳ ಚಿತ್ರ. ಆಕೆಯ ಬಣ್ಣವೇ ಅಳತೆಗೋಲು. ಮುಂದೆ ಕಂದು ಬಣ್ಣಗಳು ಸರಿಯಾಗಿ ಮೂಡೋ ಹಾಗೆ ಫಿಲ್ಮ್ ಸುಧಾರಿಸಿತು. ಅದಕ್ಕೆ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಕಂಪನಿಗಳ ದೂರೂ ಒಂದು ಕಾರಣ. ಚಾಕೊಲೇಟಿಗೆ ಸಿಕ್ಕ ಕಾಳಜಿ ನೋಡ್ರಿ!

ಹಂಗಂತ ನಾವು ದೊಡ್ಡ ಕ್ಯಾಮೆರಾ ಕೊಳ್ಳಬೇಕಿಲ್ಲ. ಫೋನಿನ ಪರದೆ ಮೇಲೆ ಆಕಾಶವನ್ನಲ್ಲ, ಮಾರಿಯನ್ನ ಒತ್ರಿ. ಬಹಳ ಫೋನುಗಳಲ್ಲಿ ಪಕ್ಕದಾಗ ಸೂರ್ಯನ ಗುರುತು ಬರ್ತದೆ, ಅದನ್ನ ಮೇಲೆ ಸರಿಸ್ರಿ. ಹಿಂದಿನ ಆಕಾಶ ಬೆಳ್ಳಗೆ ಸುಟ್ಟುಹೋದ್ರೆ ಹೋಗಲಿ, ಅದೇನು ಸಾಕ್ಷಿ ಹೇಳೋದಿಲ್ಲ. ಮಳೆಯಾಗ ಅಂಗಡಿ ತಗಡಿನ ಕೆಳಗೆ ನಿಂತು ಒಣ ಅರಿವೆಯಿಂದ ಲೆನ್ಸ್ ಒರೆಸಿಕೊಳ್ರಿ. ಜೂಮ್ ಬ್ಯಾಡ, ಹತ್ತಿರ ಹೋಗ್ರಿ.

ಅಕ್ಟೋಬರ್ 23, ರಾಣಿ ಚನ್ನಮ್ಮ 1824ರಲ್ಲಿ ಬ್ರಿಟಿಷರನ್ನ ಸೋಲಿಸಿದ ದಿನ. ಕಿತ್ತೂರು ಉತ್ಸವದಾಗ ಕ್ಯಾಮೆರಾ ಎಲ್ಲ ವೇದಿಕೆ ಕಡೆಗೆ. ಜನ ಹೋದ ಮೇಲೆ ಕಸ ಬಳಿಯೋರ ಕಡೆ ಒಮ್ಮೆ ತಿರುಗಿಸ್ರಿ. ಅಲ್ಲಿ ನೈಟ್ ಮೋಡ್ ಆರಿಸಿಡ್ರಿ. ಅದು ಹಲವು ಚಿತ್ರ ಸೇರಿಸಿ ಒಂದು ಮಾಡ್ತದೆ, ಗೋಡೆ ಸ್ಪಷ್ಟ ಬರ್ತದೆ, ದುಡಿಯೋ ಕೈ ಹೊಗೆ ಆಗ್ತದೆ.

2019ರ ಆಗಸ್ಟ್ ನೆನಪಿರಬೇಕು. ನವಿಲುತೀರ್ಥದಿಂದ ಬಿಟ್ಟ ನೀರಿಗೆ ಮಲಪ್ರಭಾ ಉಕ್ಕಿ ರಾಮದುರ್ಗದ ತಗ್ಗಿನ ಓಣಿಗಳಿಗೆ ನುಗ್ಗಿತು. ಹಾನಿ ನೋಡಿ ಎ, ಬಿ, ಸಿ ಅಂತ ವರ್ಗ ಮಾಡಿದ್ರು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ. ನಿಂತಂಗ ಕಾಣೋ ಮಣ್ಣಿನ ಮನೆ ಒಳಗೆ ಎಷ್ಟು ಸೀಳಿದೆ ಅನ್ನೋದೇ ಪ್ರಶ್ನೆ. ಕತ್ತಲೆ ಮನೆಯಾಗ ಎದುರಿಗೆ ಫ್ಲ್ಯಾಶ್ ಹೊಡೆದ್ರೆ ಬಿರುಕು ಮಾಯ ಆಗಿ ಗೋಡೆ ಸಪಾಟು ಕಾಣ್ತದೆ. ಗೋಡೆಗೆ ಹತ್ತಿಸಿ ಬಾಜೂದಿಂದ ಬ್ಯಾಟರಿ ಹಿಡಿದ್ರೆ ನೆರಳು ಬಿದ್ದು ಕೂದಲೆಳೆಯ ಬಿರುಕೂ ಎದ್ದು ಕಾಣ್ತದೆ. ಪಕ್ಕಕ್ಕೆ ಒಂದು ಗೇಣು ಕೈ ಇಡ್ರಿ, ಅಳತೆ ತಿಳೀತದೆ. ಬಡವರ ಮನೆ ಲೆಕ್ಕ ಇಂಥ ಓರೆ ಬೆಳಕಿನ ಮೇಲೆ ನಿಂತಿರ್ತದೆ.

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೊರಗಿನ ಫೋಟೊಗ್ರಾಫರು ಬರ್ತಾರೆ. ಗಾಳಿಯಾಗ ತೇಲೋ ಭಂಡಾರ, ಅದರ ಹಿಂದೆ ಸೂರ್ಯ, ನಡುವೆ ಜೋಗತಿಯ ನೆರಳು. ಚಿತ್ರ ಬಲು ಚಂದ. ದೇವದಾಸಿ ಬಿಡೋದನ್ನ ನಿಷೇಧಿಸಿದ ಕಾಯ್ದೆ ಬಂದದ್ದು 1982ರಲ್ಲಿ. ಅದರ ಆಚೆ ಈಚೆ ಬದುಕು ಸವೆಸಿದ ಆ ತಾಯಿ ಮಾತ್ರ ಚಿತ್ರದಾಗ ಬರೀ ಬಣ್ಣ. ಆಕೆಯನ್ನ ಮರದ ನೆರಳಿಗೆ ಕರೆದು, ಹೆಸರು ಕೇಳಿ, "ಯವ್ವಾ, ತಗೀಲೇನು?" ಅಂತ ಕೇಳಿ ತೆಗೀರಿ. ಕಣ್ಣು ಕಾಣ್ತಾವೆ.

ಕೇಳೋದು ಮುಖ್ಯ. ಗುತ್ತಿಗೆಯ ಪೌರಕಾರ್ಮಿಕ ಅಕ್ಕ ಒಬ್ಬಾಕಿ ನನಗೆ ಹೇಳಿದ್ಲು: "ಅಣ್ಣಾ, ಮಾರಿ ಬಂದ್ರ ನಾಳಿಂದ ಕೆಲಸ ಇಲ್ಲ. ಕೈ ತಗೀ, ಕಾಲು ತಗೀ." ಆಕೆ ಮಾತು ಖರೆ. ನೀರಾಗ ಬಿಳಿಚಿಕೊಂಡ ಬೆರಳು, ಚಪ್ಪಲಿ ಇಲ್ಲದ ಕಾಲು, ಎದುರಿನ ಬೋರ್ಡು, ಇಷ್ಟೇ ಸಾಕಾಯ್ತು. ಮಾರಿ ಮರೆ ಆಗಬೇಕಾದ್ರೆ ಆಕೆ ಬ್ಯಾಡ ಅಂದದ್ದಕ್ಕೆ ಆಗಲಿ, ಫೋನು ಆಕಾಶ ನೋಡಿ ನಿರ್ಧಾರ ಮಾಡಿದ್ದಕ್ಕೆ ಬ್ಯಾಡ.

ತಮ್ಮಂದಿರಿಗೆ, ತಂಗಿಯರಿಗೆ ಕೊನೆಗೊಂದು ಮಾತು. ಮಾರಿ ಬೆಳ್ಳಗೆ ಮಾಡೋ ಫಿಲ್ಟರ್ ಹಾಕಬ್ಯಾಡ್ರಿ. ವಾಟ್ಸ್ಯಾಪ್‌ನಾಗ ಫೋಟೊ ಅಂತ ಕಳಿಸಿದ್ರೆ ಅದು ಕುಗ್ತದೆ, ಒಳಗಿನ ತಾರೀಖು ಹೋಗ್ತದೆ. ಡಾಕ್ಯುಮೆಂಟ್ ಅಂತ ಕಳಿಸ್ರಿ, ಮೂಲ ಫೈಲು ಅಳಿಸಬ್ಯಾಡ್ರಿ. ಮಳೆಗಾಲ ಬಂದೇ ಬರ್ತದೆ, ಈಗಿಂದ ಕೈ ರೂಢಿ ಮಾಡಿಕೊಳ್ರಿ.

ಜೈ ಭೀಮ್.