ಒಂದೇ ಹಂಚ್ ಅಲ್ದಾ

ಮೊನ್ನೆ ಪಕ್ಕದ ಮನೆ ದೊಡ್ಡಮ್ಮ ಬೇಲಿ ಆಚೆಯಿಂದ ಕೇಳಿದ್ರು, "ಏ ಹೆಣೆ, ನಿಮ್ ಮಾಡ್ ಕೆಂಪಾಯ್ತಲ್ದಾ, ಪೇಂಟ್ ಹೊಡ್ಸಿದ್ದಾ?" ಪೇಂಟ್ ಅಲ್ಲ ದೊಡ್ಡಮ್ಮ, ಪಾಚಿ ತೆಗೆಸಿದ್ದು ಅಂದೆ. "ಅದಕ್ಕೂ ಜನ ಕರ್ಸುಕಾ?" ಅಂತ ನಗಾಡಿದ್ರು. ಹೌದು, ಕರೆಸ್ಕು. ಎಂತಕೆ ಅಂತ ಹೇಳುವುದಕ್ಕೇ ಇವತ್ತು ಬರೆಯಲು ಕೂತದ್ದು. ನಿಮ್ಮಲ್ಲಿ ಸುಮಾರು ಜನರದ್ದು ನಮ್ಮ ಹಾಗೇ ಹಳೇ ಹಂಚಿನ ಮನೆ. ಸಣ್ಣ ವಿಷಯ ಅಂತ ಬಿಟ್ಟು ನಾನು ಮಾಡಿದ ತಪ್ಪು ನೀವು ಮಾಡಬಾರದು.

ನಮ್ಮ ಮನೆ ಕುಂದಾಪುರ ಪೇಟೆಯಿಂದ ಸ್ವಲ್ಪ ಹೊರಗೆ. ಮಾವ 1968ರಲ್ಲಿ ಕಟ್ಟಿಸಿದ್ದು. ಆಗ ಸುತ್ತ ಗದ್ದೆ, ಈಗ ಸುತ್ತ ಸ್ಲ್ಯಾಬ್ ಮನೆ. ನಡುವೆ ನಮ್ಮದೊಂದು ಹಂಚಿನ ಮಾಡು, ಬಡಗು ಬದಿಗೆ ಹಲಸಿನ ಮರ. ಆ ಬದಿ ಬಿಸಿಲು ಬೀಳುವುದೇ ಕಮ್ಮಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ. ನೆರಳೂ ನೀರೂ ಸೇರಿದ ಮೇಲೆ ಕೇಳಬೇಕಾ, ಪಾಚಿ ಮೆತ್ತೆ ಹಾಸಿದ ಹಾಗೆ ಬರುತ್ತದೆ. ಅಮ್ಮ ಇದಕ್ಕೆ ಹಾವಸೆ ಅಂತಿದ್ದರು.

ಪಾಚಿ ನೋಡುವುದಕ್ಕೆ ಚಂದವೇ. ಅದಕ್ಕೆ ನಿಜವಾದ ಬೇರೂ ಇಲ್ಲ, ಹಂಚನ್ನು ಕೊರೆದು ಒಳಗೆ ಹೋಗುವುದೂ ಇಲ್ಲ. ತೊಂದರೆ ಇರುವುದು ನೀರು ಹಿಡಿದುಕೊಳ್ಳುವುದರಲ್ಲಿ. ಹಂಚಿನ ಗೆರೆಯಲ್ಲಿ ಸರಾಗ ಹರಿದು ಸೂರಿನಿಂದ ಬೀಳಬೇಕಾದ ನೀರನ್ನು ಸ್ಪಂಜಿನ ಹಾಗೆ ಹೀರಿ ಅಲ್ಲೇ ನಿಲ್ಲಿಸುತ್ತದೆ. ಒಂದರ ಮೇಲೊಂದು ಹಂಚು ಕೂರುವ ಸಂದಿಯಲ್ಲಿ ಬೆಳೆದರಂತೂ ನೀರು ಕೆಳಗೆ ಹೋಗುವ ಬದಲು ಹಿಂದಕ್ಕೆ ಸರಿದು ರೀಪಿಗೆ ಇಳಿಯುತ್ತದೆ. ರೀಪು ಕುಂಬಾದರೆ ಹಂಚು ಕೂರುವುದು ಎಲ್ಲಿ? ಆಮೇಲೆ ಪಕಾಸು. ಆಮೇಲೆ ನಮ್ಮ ನಿದ್ದೆ.

ಆರು ವರ್ಷದ ಹಿಂದೆ ಒಬ್ಬರು ಮಿಷನ್ ತಗೊಂಡು ಬಂದಿದ್ದರು. ಜೋರು ನೀರು ಬಿಟ್ಟು ತೊಳೆದು, ಮೇಲಿಂದ ಕೆಂಪು ಪೇಂಟ್. ಎರಡು ದಿನದಲ್ಲಿ ಕೆಲಸ ಮುಗಿದಿತ್ತು. ಮನೆ ಮದುಮಗಳ ಹಾಗೆ ಕಂಡಿತು. ನಾನೂ ಫೋಟೋ ತೆಗೆದು ಎಲ್ಲರಿಗೆ ಕಳಿಸಿದ್ದೆ.

ಒಳಗೆ ಬಂದು ಅಟ್ಟ ಹತ್ತಿ ನೋಡಿದರೆ ಅಕ್ಕಿ ಮುಡಿ ಇಡುತ್ತಿದ್ದ ಜಾಗ ಪೂರ್ತಿ ಒದ್ದೆ. ಹಂಚಿನ ಮಾಡು ಇರುವುದು ಮೇಲಿಂದ ಬೀಳುವ ಮಳೆಗೆ. ಅವರು ಏಣಿ ಮೇಲೆ ನಿಂತು ಕೆಳಗಿನಿಂದ ಮೇಲಕ್ಕೆ ನೀರು ಹೊಡೆದಿದ್ದರು. ಅದು ಸಂದಿಯೊಳಗೆ ನುಗ್ಗದೆ ಏನು ಮಾಡುತ್ತದೆ? ಮಾವನ ಹಳೇ ಜಾಗದ ಕಾಗದದ ಪೆಟ್ಟಿಗೆ ಒಂದು ಬದಿ ನೆನೆದಿತ್ತು. ಅದನ್ನು ಬಿಸಿಲಿಗೆ ಹಾಕಿ, ಒಂದೊಂದೇ ಹಾಳೆ ಬಿಡಿಸಿ, ಅತ್ತೆಗೆ ಗೊತ್ತಾಗದ ಹಾಗೆ ಒಳಗಿಟ್ಟೆ.

ಎರಡು ಮಳೆಗಾಲ ಕಳೆಯುವುದರೊಳಗೆ ಪೇಂಟ್ ಹುಪ್ಪಳಿಕೆ ಎದ್ದು ಬಂತು, ಪಾಚಿ ಮೊದಲಿಗಿಂತ ದಪ್ಪವಾಗಿ ಬಂತು. ಭಟ್ಟಿಯಲ್ಲಿ ಸುಟ್ಟ ಹಂಚಿಗೆ ಮೇಲೊಂದು ನುಣ್ಣಗಿನ ಚರ್ಮ ಇರುತ್ತದೆ. ಜೋರು ನೀರಿನ ಹೊಡೆತಕ್ಕೆ ಅದೇ ಸವೆದು ಹೋದರೆ ಒಳಗಿನ ದೊರಗು ಮಣ್ಣು ನೀರು ಕುಡಿಯುತ್ತದೆ, ಪಾಚಿಗೆ ಹಿಡಿದುಕೊಳ್ಳಲು ಜಾಗವೂ ಸಿಗುತ್ತದೆ. ದುಡ್ಡು ಕೊಟ್ಟು ಪಾಚಿಗೆ ಗದ್ದೆ ಮಾಡಿಕೊಟ್ಟ ಹಾಗಾಯಿತು.

ಇಷ್ಟಾದರೆ ದುಡ್ಡಿನ ಲುಕ್ಸಾನು ಅಷ್ಟೇ. ಮುಂದಿನದು ಹೇಳುವುದೇ ಕಷ್ಟ.

ನಮ್ಮ ಮಾಡಿನ ಕೆಲಸ ಮೊದಲಿನಿಂದ ಮಾಡುತ್ತಿದ್ದದ್ದು ಮಕ್ಕಳು ಹಂಚಿನಜ್ಜ ಅಂತ ಕರೆಯುವವರು. ಪ್ರತಿ ಎಪ್ರಿಲ್‌ನಲ್ಲಿ ಬಂದು ಒಡೆದ ಹಂಚು ಬದಲಿಸಿ, ಹಿಡಿಸೂಡಿಯಲ್ಲಿ ಕಸ ಗುಡಿಸಿ ಇಳಿಯುತ್ತಿದ್ದರು. ಮೂರು ವರ್ಷದ ಹಿಂದೆ ಆಸಾಡಿಯಲ್ಲಿ ದೇವರ ಕೋಣೆ ಮೇಲೆ ಸೋರಲು ಶುರುವಾಯಿತು. ಒಂದು ಹಂಚು ಜಾರಿತ್ತು. ಅತ್ತೆಯ ತಲೆಬಿಸಿ, ಮರುದಿನ ಮನೆಗೆ ಬರುವ ನೆಂಟರು, ಎಲ್ಲ ಒಟ್ಟಿಗೆ. ಅಜ್ಜನಿಗೆ ಹೇಳಿ ಕಳಿಸಿದೆ. ಬಂದರು, ಅಂಗಳದಲ್ಲಿ ನಿಂತು ಮೇಲೆ ನೋಡಿದರು.

"ಅಮ್ಮಾ, ಮಳಿ ಈಗಷ್ಟೇ ನಿಂತದ್. ಪಾಚಿ ಮೇಲ್ ಕಾಲ್ ನಿಲ್ತಿಲ್ಲೆ. ನಾಳೆ ಬಿಸ್ಲ್ ಬಂದ್ರೆ ಕಾಂಬ."

ನಾನು ಎಂತ ಹೇಳಿದೆ ಗೊತ್ತಾ? "ಒಂದೇ ಹಂಚ್ ಅಲ್ದಾ, ಎಂತದೂ ಆತಿಲ್ಲೆ, ಹತ್ತಿ."

ನಮ್ಮ ಮಾತು ಮೀರುವವರಲ್ಲ ಅವರು. ಹತ್ತಿದರು. ಹಂಚು ಸರಿ ಮಾಡಿ ಇಳಿಯುವಾಗ ಕಾಲು ಜಾರಿತು. ಸೂರಿನವರೆಗೆ ಬಂದದ್ದು ಕಂಡೆ, ಆಮೇಲೆ ಶಬ್ದ ಕೇಳಿತು. ತೊಡೆಯ ಎಲುಬು ಮುರಿದಿತ್ತು. ಆಪರೇಶನ್, ಒಳಗೆ ರಾಡು. ಆಸ್ಪತ್ರೆ ಖರ್ಚು ನಾವೇ ಕೊಟ್ಟೆವು, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಅಜ್ಜ ಮತ್ತೆ ಮಾಡು ಹತ್ತಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದು, "ನಿಮ್ ತಪ್ಪಲ್ಲ ಅಮ್ಮಾ, ಅವ್ರ್ ಹಣಿಬರ" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಅದಾದ ಮೇಲೆ ಮೂರು ವರ್ಷ ಯಾರನ್ನೂ ಮೇಲೆ ಹತ್ತಿಸಲು ನನಗೆ ಧೈರ್ಯ ಬರಲಿಲ್ಲ. ಸೋರುವಲ್ಲಿ ಟರ್ಪಾಲು ಹೊದೆಸಿದೆವು. ಬೆಂಗಳೂರಿನಿಂದ ಅತ್ತಿಗೆಯದ್ದು ಒಂದೇ ಮಾತು, "ಹಂಚ್ ತೆಗ್ದ್ ಶೀಟ್ ಹಾಕ್ಸಿ, ತಲಿಬಿಸಿ ಇಲ್ಲೆ." ಶೀಟಿನ ಅಡಿಯಲ್ಲಿ ಮಾರ್ಚಿನ ಸೆಕೆಯಲ್ಲಿ ಮಲಗುವವರು ನಾವು, ಅವರಲ್ಲ. ಅತ್ತೆ ಏನೂ ಹೇಳಲಿಲ್ಲ, ಚಾವಡಿಯಲ್ಲಿ ಕೂತು ಮಾಡು ನೋಡುತ್ತಿದ್ದರು. ಟರ್ಪಾಲಿನ ಅಡಿಯಲ್ಲಿ ಮರ ಇನ್ನೂ ಬೇಗ ಕುಂಬಾಗುತ್ತದೆ ಅಂತ ಗೊತ್ತಾದ ಮೇಲೆ ಈ ವರ್ಷ ಏನಾದರೂ ಮಾಡಲೇಬೇಕು ಅನಿಸಿತು.

ಈ ಸಲ ಜನ ಹುಡುಕುವಾಗ ರೇಟು ಕೇಳುವುದಕ್ಕೆ ಮೊದಲು ಬೇರೆ ಪ್ರಶ್ನೆ ಕೇಳಿದೆ. ನಿಮಗೂ ಉಪಯೋಗ ಆದೀತು, ಬರೆದಿಟ್ಟುಕೊಳ್ಳಿ.

ಮೊದಲನೆಯದು, ಬೆಲ್ಟು ಹಗ್ಗ ಇದೆಯಾ? ಒಬ್ಬರು "ನಮ್ಮ ಹುಡುಗ್ರಿಗೆ ಅದೆಲ್ಲ ಬ್ಯಾಡ, ಅಭ್ಯಾಸ ಇತ್ತ್" ಅಂದರು. ಅವರಿಗೆ ಚಾ ಕೊಟ್ಟು ಕಳಿಸಿದೆ.

ಎರಡನೆಯದು, ಮಿಷನ್ನೋ ಬ್ರಶ್ಶೋ? ಬ್ರಶ್ಶೇ ಆಗಬೇಕು. ಫೆಬ್ರವರಿ, ಮಾರ್ಚಿನಲ್ಲಿ ಪಾಚಿ ಒಣಗಿ ಗರಿಗರಿ ಆಗಿರುತ್ತದೆ, ಮೇಲಿಂದ ಕೆಳಗೆ ಉಜ್ಜಿದರೆ ಎದ್ದು ಬರುತ್ತದೆ. ಕೆಳಗಿಂದ ಮೇಲೆ ಉಜ್ಜಿದರೆ ಹಂಚೇ ಎದ್ದೀತು. ಒಣಗಿದ್ದು ಸತ್ತದ್ದಲ್ಲ ಅಂತ ನೆನಪಿರಲಿ, ಒಂದು ಮಳೆ ಬಂದರೆ ಮತ್ತೆ ಹಸಿರು. ಹಾಗಾಗಿ ಒಣಗಿದಾಗಲೇ ತೆಗೆಯಬೇಕು.

ಮೂರನೆಯದು, ಎಂತ ಮದ್ದು ಹಾಕುತ್ತೀರಿ, ಆ ನೀರು ಎಲ್ಲಿ ಹೋಗುತ್ತದೆ? ಬ್ಲೀಚಿಂಗ್ ನೀರು ಬಿದ್ದರೆ ತುಳಸಿ, ಮಲ್ಲಿಗೆ ಸುಟ್ಟು ಹೋಗುತ್ತದೆ. ಅಡಿಕೆ ಮರಕ್ಕೆ ಬಿಡುವ ಮೈಲುತುತ್ತಿನ ಮದ್ದು ಪಾಚಿಗೂ ಆಗುತ್ತದೆ. ಅದರಲ್ಲಿರುವ ತಾಮ್ರ ಪಾಚಿಗೆ ಆಗಿ ಬರುವುದಿಲ್ಲ. ಆದರೆ ತಾಮ್ರದ ನೀರು ಮೀನಿಗೆ ವಿಷ, ಸತುವಿನ ಶೀಟನ್ನೂ ತಿನ್ನುತ್ತದೆ. ನಮ್ಮ ಬಾವಿ ಸೂರಿನಿಂದ ನಾಲ್ಕೇ ಮಾರು. ಹಾಗಾಗಿ ಮದ್ದೇ ಬೇಡ, ಬರೀ ಉಜ್ಜಿ ಅಂದೆ. ಬಾವಿಗೆ ಟರ್ಪಾಲು ಮುಚ್ಚಿಸಿದೆ. ಅದಕ್ಕಾದರೂ ಉಪಯೋಗ ಬಂತು.

ನಾಲ್ಕನೆಯದು, ಒಡೆದ ಹಂಚಿಗೆ ಬದಲು ಯಾವ ಹಂಚು? ಒಂದು ಕಾರ್ಖಾನೆಯ ಹಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲು ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಆಮೇಲೆ ನಮ್ಮ ಕುಂದಾಪುರದಲ್ಲೂ ಸುಮಾರು ಕಾರ್ಖಾನೆ ಬಂದವು, ಒಬ್ಬೊಬ್ಬರ ಅಚ್ಚು ಒಂದೊಂದು ತರ. ಹಂಚಿನ ಅಡಿಯಲ್ಲಿ ಹೆಸರು ಇರುತ್ತದೆ, ನೋಡಿ. ಕೆಡವುವ ಹಳೇ ಮನೆಯಿಂದ ಅದೇ ಹೆಸರಿನದ್ದು 40 ಹಂಚು ತಂದಿಟ್ಟೆ.

ಐದನೆಯದು, ಹುಡುಗರಿಗೆ ಇನ್ಶೂರೆನ್ಸ್ ಇದೆಯಾ? ಬ್ಯಾಂಕ್ ಖಾತೆ ಇದ್ದ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆ ಇದೆ. ಅಪಘಾತದಲ್ಲಿ ಜೀವ ಹೋದರೆ, ಪೂರ್ತಿ ಊನವಾದರೆ 2 ಲಕ್ಷ. ಎಲುಬು ಮುರಿದ ಆಸ್ಪತ್ರೆ ಖರ್ಚು ಅದರಲ್ಲಿ ಬರುವುದಿಲ್ಲ, ಆದರೂ ಇರಲಿ. ನಮ್ಮ ಮನೆಗೆ ಬರುವ ಎಲ್ಲರಿಗೂ ನಾನೀಗ ಕೇಳುತ್ತೇನೆ.

ಕೊನೆಗೆ ಒಪ್ಪಿದವರು ನಾಲ್ಕು ಜನರ ಒಂದು ತಂಡ. ಫೆಬ್ರವರಿಯಲ್ಲಿ ಬಂದರು. ಮೊದಲು ಮಾಡಿನ ಮೇಲೆ ಬಾಗಿದ ಹಲಸಿನ ಗೆಲ್ಲು ಕಡಿದರು. ಗೆಲ್ಲು ಹೋಗದೆ ಪಾಚಿ ಮಾತ್ರ ಹೋದರೆ ಎಂತ ಪ್ರಯೋಜನ? ಆಚೆ ಬದಿಯ ತೆಂಗಿನ ಮರಕ್ಕೆ ಹಗ್ಗ ಕಟ್ಟಿ, ಹಂಚಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಕಾಲಿಟ್ಟೇ ಕೆಲಸ ಮಾಡಿದರು.

ಹಂಚಿನಜ್ಜನಿಗೆ ರಿಕ್ಷಾ ಕಳಿಸಿ ಕರೆಸಿದ್ದೆ. ಅಂಗಳದಲ್ಲಿ ಕುರ್ಚಿ ಹಾಕಿ, ಊರುಗೋಲು ಬದಿಗಿಟ್ಟು ಕೂತರು. ಎರಡನೇ ದಿನ ನನಗೆ ಮಧ್ಯಾಹ್ನ ಒಂದು ಉಪನಯನಕ್ಕೆ ಹೋಪುದಿತ್ತು. ಹುಡುಗರು ಎಂಟಕ್ಕೇ ಬಂದು ಸುಮ್ಮನೆ ನಿಂತಿದ್ದರು. ಶುರು ಮಾಡಬಹುದಲ್ದಾ ಅಂದೆ. ಅಜ್ಜ ಮೇಲೆ ನೋಡಿದರು.

"ಇಬ್ನಿ ಆರ್ಲಿ ಅಮ್ಮಾ. ಹತ್ ಗಂಟಿ ಆಯ್ಲಿ."

ನನ್ನ ಬಾಯಿಗೆ ಅದೇ ಮಾತು ಬಂದಿತ್ತು, ಎಂತದೂ ಆತಿಲ್ಲೆ ಅಂತ. ನುಂಗಿಕೊಂಡೆ. ಒಳಗೆ ಹೋಗಿ ಎಲ್ಲರಿಗೂ ಚಾ ಮಾಡಿದೆ. ಹತ್ತು ಗಂಟೆಗೆ ಅಜ್ಜ "ಹ್ಞೂಂ" ಅಂದ ಮೇಲೆ ಹುಡುಗರು ಹತ್ತಿದರು. ಉಪನಯನದ ಊಟಕ್ಕೆ ಮಾತ್ರ ಹೋದೆ.

ಮೂರು ದಿನ ಹಿಡಿಯಿತು. ಹನ್ನೊಂದು ಗೋಣಿ ಪಾಚಿ, ತೆಂಗಿನ ಬುಡಕ್ಕೆ ಹಾಕಿದ್ದೇವೆ. 23 ಹಂಚು ಬದಲಾಯಿತು, ಬಡಗು ಬದಿ ಏಳು ರೀಪು ಹೊಸತು. ಕಪ್ಪು ಕಲೆ ಅಲ್ಲಲ್ಲಿ ಹಾಗೇ ಇದೆ. ಇರಲಿ, ನೀರು ಹರಿದರೆ ಸಾಕು. ಸವೆದ ಹಂಚಿಗೆ ಪಾಚಿ ಮತ್ತೆ ಬಂದೇ ಬರುತ್ತದೆ, ಇನ್ನು ಪ್ರತಿ ವರ್ಷ ಬೇಸಿಗೆಯಲ್ಲೇ ಉಜ್ಜಿಸುವುದು ಅಂತ ಮಾಡಿದ್ದೇವೆ.

ಕೊನೇ ದಿನ ಅಜ್ಜನಿಗೆ ಹುಡುಗರಿಗೆ ಕೊಟ್ಟಷ್ಟೇ ಸಂಬಳ ಕೊಟ್ಟೆ. "ಕುರ್ಚಿ ಮೇಲ್ ಕೂತದ್ದಕ್ಕೆ ಸಂಬ್ಳ ಎಂತಕಮ್ಮಾ?" ಅಂದರು. ಕೂತದ್ದಕ್ಕಲ್ಲ, ಇಬ್ಬನಿ ನೋಡಿದ್ದಕ್ಕೆ ಅಂದೆ. ಒಂದು ಸಲ ನನ್ನ ಮುಖ ನೋಡಿ, ದುಡ್ಡು ಮಡಚಿ ಕಿಸೆಗೆ ಹಾಕಿಕೊಂಡರು.

ನೀವೂ ಎಪ್ರಿಲ್‌ಗೆ ಮುಂಚೆ ಅಂಗಳಕ್ಕಿಳಿದು ಒಂದು ಸಲ ತಲೆ ಎತ್ತಿ ಮಾಡು ಕಾಣಿ. ಹಸಿರು ಕಂಡರೆ ಆಗಲೇ ಜನ ಹೇಳಿ. ಮಳೆಗಾಲದಲ್ಲಿ ಸೋರಿದರೆ ಅಡಿಗೆ ಬಾಲ್ದಿ ಇಡಿ, ಬಿಸಿಲು ಬರುವವರೆಗೆ ಕಾಯಿರಿ. ಬಾಲ್ದಿ ತುಂಬಿದರೆ ಚೆಲ್ಲಿ ಬರಬಹುದು.