ಸೇತುವೆ ದಾಟಿದ ಮೇಲಿನ ದಾರಿ

ಸಿಗಂದೂರು ಸೇತುವೆ ಆದ ಮೇಲೆ ನಮ್ಮ ಕರೂರು ಹೋಬಳಿಯಲ್ಲಿ ಮಾತಿನ ವಿಷಯವೇ ಬದಲಾಗಿದೆ. ಮೊದಲು ನಾಲ್ಕು ಜನ ಸೇರಿದರೆ ಲಾಂಚ್ ಎಷ್ಟು ಹೊತ್ತಿಗೆ, ಸರತಿಯಲ್ಲಿ ಎಷ್ಟು ಗಾಡಿ ಎಂಬ ವಿಚಾರ ಬರುತ್ತಿತ್ತು. ಈಗ ಯಾರು ಯಾವ ಕಾರು ತೆಗೆದುಕೊಂಡರು ಎಂಬ ವಿಚಾರ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದುಕೊಂಡಿತು. ಸಂಜೆಯಾದರೆ ಲಾಂಚ್ ನಿಲ್ಲುತ್ತಿದ್ದ ಕಾಲದಲ್ಲಿ ರಾತ್ರಿ ಸಾಗರಕ್ಕೆ ಹೋಗಬೇಕೆಂದರೆ ನಿಟ್ಟೂರು, ಸಂಪೆಕಟ್ಟೆ, ನಗರ, ಹೊಸನಗರ ಎಂದು ಸುತ್ತಬೇಕಿತ್ತು. ಆ ಕಷ್ಟ ತೀರಿತು.

ಸೇತುವೆ ಬಂದ ಮೇಲೆ ನಮ್ಮ ಮನೆಯಲ್ಲೂ ಕಾರಿನ ಮಾತು ಎದ್ದಿತು. ಅಡಿಕೆ ಮಾರಿ ಕೂಡಿಟ್ಟ ಹಣವಿತ್ತು. ಬಡ್ಡಿಯ ಸಾಲ ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಇಲ್ಲ. ಹಾಗಾಗಿ ಹೊಸ ಗಾಡಿಯ ಪ್ರಶ್ನೆಯೇ ಬರಲಿಲ್ಲ; ಸೆಕೆಂಡ್ ಹ್ಯಾಂಡ್ ಎಂದು ಮೊದಲೇ ತೀರ್ಮಾನವಾಗಿತ್ತು. ಯಾವುದು ಎಂಬಲ್ಲಿ ಮಾತ್ರ ಮನೆ ಎರಡು ಪಾಲಾಯಿತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಕಣ್ಣು ಒಂದು ಪೋಲೊ ಜಿಟಿ ಟಿಎಸ್‌ಐ ಮೇಲಿತ್ತು. ಗೊತ್ತಿದ್ದವರಿಗೆ ಆ ಹೆಸರು ಸಾಕು. 2013ರಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ ಅದು. ಪುಟ್ಟ ಮೈಯಲ್ಲಿ ಟರ್ಬೊ ಎಂಜಿನ್ನು, ನೆಲಕ್ಕೆ ಅಂಟಿಕೊಂಡಂತೆ ಓಡುವ ಗುಣ. ಪೋಲೊ ತಯಾರಿಕೆ 2022ರಲ್ಲಿ ಇಲ್ಲಿ ನಿಂತೇ ಹೋಯಿತು. ಇನ್ನು ಸಿಗುವುದೆಲ್ಲ ಹಳೆಯದೇ ಆದ್ದರಿಂದ ಹುಡುಗರಿಗೆ ಅದರ ಮೇಲೆ ಇನ್ನಷ್ಟು ಮೋಹ. ನಾವು ನೋಡಿಟ್ಟಿದ್ದು ಜಿಮ್ನಿ. ಹಳೆಯ ಜಿಪ್ಸಿಯ ವಂಶದ್ದು. ಐದು ಬಾಗಿಲಿನ ಈ ಗಾಡಿ 2023ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂತು. ಚೌಕಾಕಾರದ ಮೈ, ಎತ್ತರದ ಚಕ್ರ, ಬೇಕೆಂದಾಗ ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಲಿವರು.

ವಿಚಿತ್ರವೆಂದರೆ ಕಾಗದದ ಮೇಲೆ ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ, ಸುಮಾರು 105 ಪಿಎಸ್. ಒಂದು ಆ ಶಕ್ತಿಯನ್ನು ವೇಗಕ್ಕೆ ಬಳಸುತ್ತದೆ, ಇನ್ನೊಂದು ಕೆಸರು ದಾಟುವುದಕ್ಕೆ. ನೆಲದಿಂದ ಗಾಡಿಯ ಹೊಟ್ಟೆಗಿರುವ ಅಂತರ ಮೊದಲನೆಯದಕ್ಕೆ ಸುಮಾರು 165 ಮಿಲಿಮೀಟರು, ಎರಡನೆಯದಕ್ಕೆ 210. ವ್ಯತ್ಯಾಸ ನಾಲ್ಕೂವರೆ ಸೆಂಟಿಮೀಟರು, ಎಂದರೆ ಮೂರು ಬೆರಳಿನ ಅಗಲ. ಪೇಟೆಯಲ್ಲಿ ಅದು ಲೆಕ್ಕಕ್ಕೇ ಬಾರದು. ನಮ್ಮ ದಾರಿಯಲ್ಲಿ ಅದೇ ದೊಡ್ಡ ಲೆಕ್ಕ.

ಆ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣಮಟ್ಟ 1819 ಅಡಿ. ಆ ಮಟ್ಟದ ಕೆಳಗಿದ್ದ ಗದ್ದೆ, ತೋಟ, ಮನೆ, ಊರುಗಳೆಲ್ಲ ನೀರಿನ ಪಾಲಾದವು. ಬಹಳ ಮಂದಿ ಹೊರಗೆ ಹೋದರು. ಉಳಿದವರು ಗುಡ್ಡ ಹತ್ತಿದರು. ಕಣಿವೆಯಲ್ಲಿದ್ದ ಸಮತಟ್ಟಾದ ಹಳೆಯ ಗಾಡಿದಾರಿಗಳೂ ನೀರಿನಡಿಗೆ ಹೋದವು. ಹೀಗೆ ಗುಡ್ಡದ ಮೇಲೆ ಉಳಿದ ಮನೆಗಳಿಗೆ ಗುಡ್ಡದ ಓರೆಯಲ್ಲೇ ಹೊಸ ದಾರಿ ಕಡಿದುಕೊಳ್ಳಬೇಕಾಯಿತು. ನಮ್ಮ ಮನೆಗೆ ಡಾಂಬರಿನಿಂದ ಒಂದೂಮುಕ್ಕಾಲು ಕಿಲೋಮೀಟರು ಅಂಥದೇ ದಾರಿ. ಒಂದು ಕಡೆ ದರೆ, ಇನ್ನೊಂದು ಕಡೆ ಇಳಿಜಾರು, ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕೆಂಪು ಧೂಳು. ಜೂನ್ ಬಂತೆಂದರೆ ಕೆಂಪು ಸಾಬೂನು.

ಮಗನ ವಾದವನ್ನು ತಳ್ಳಿಹಾಕುವಂತಿರಲಿಲ್ಲ. "ಬಾಪಾ, ಮಳೆಗಾಲ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ಒಣ ದಾರಿ. ಸಾಗರಕ್ಕೆ ಹೋಗಿ ಬರುವ ಎಪ್ಪತ್ತು ಕಿಲೋಮೀಟರಿನಲ್ಲಿ ಮಣ್ಣಿನ ರಸ್ತೆ ಎಷ್ಟು? ಮೂರೂವರೆ. ಅದಕ್ಕಾಗಿ ಉಳಿದದ್ದನ್ನೆಲ್ಲ ಡಬ್ಬದಂಥ ಗಾಡಿಯಲ್ಲಿ ಕುಲುಕಿಕೊಂಡು ಹೋಗಬೇಕಾ? ಈಗ ಸೇತುವೆಯೂ ಬಂದಿದೆ. ರಾತ್ರಿ ಏನಾದರೂ ಆದರೆ 108ಕ್ಕೆ ಫೋನ್ ಮಾಡಿದರೆ ಸಾಕು" ಎಂದ. ಹಣದ ಲೆಕ್ಕದಲ್ಲೂ ಅವನದೇ ಮೇಲುಗೈ. ಪೋಲೊಗೆ ಕೇಳಿದ್ದು ಆರೂವರೆ ಲಕ್ಷ, ಜಿಮ್ನಿಗೆ ಒಂಬತ್ತೂಮುಕ್ಕಾಲು.

ಉಮ್ಮನಿಗೆ ಎಪ್ಪತ್ತೆಂಟು. ಮಗ ತನ್ನ ಗೆಳೆಯನ ಅಂಥದೇ ಒಂದು ತಗ್ಗು ಕಾರನ್ನು ಸಾಗರದಲ್ಲಿ ಅವರಿಗೆ ತೋರಿಸಿ ಕೂರಲು ಹೇಳಿದ. ಬಾಗಿಲು ಹಿಡಿದು ನಿಂತು ಅವರು ಕೇಳಿದ್ದು ಇಷ್ಟೇ: "ಇದರಲ್ಲಿ ಕೂರಬೇಕಾ ಮಗನೇ, ಬಾವಿಗೆ ಇಳಿದ ಹಾಗೆ ಇಳಿಯಬೇಕಾ?" ಎಲ್ಲರೂ ನಕ್ಕೆವು. ಆದರೆ ಮಂಡಿನೋವಿನವರಿಗೆ ಅದು ನಗುವ ವಿಷಯವಲ್ಲ. ಜಿಮ್ನಿಯೂ ಅವರಿಗೆ ಸಲೀಸಲ್ಲ, ಅದನ್ನು ಹತ್ತಬೇಕು. ಆದರೆ ಹತ್ತಲು ಒಂದು ಮರದ ಮಣೆ ಇಡಬಹುದು. ಇಳಿಯಲು ಮಣೆ ಇಡುವುದು ಎಲ್ಲಿ?

ನಾಲ್ಕು ಚಕ್ರದ ಗಾಡಿ ಎಂದರೆ ಏನು ಎಂಬುದನ್ನೂ ತಿಳಿದುಕೊಳ್ಳಬೇಕು. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತಬೇಕಾದ್ದರಿಂದ ನಡುವೆ ಡಿಫರೆನ್ಷಿಯಲ್ ಎಂಬ ಸಾಧನ ಇರುತ್ತದೆ. ಕೆಸರಿನಲ್ಲಿ ಆ ಸಾಧನವೇ ತೊಡಕು. ಜಾರುವ ಚಕ್ರ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಕದಲುವುದಿಲ್ಲ. ಮುಂದಿನ ಮತ್ತು ಹಿಂದಿನ ಎರಡೂ ಜೋಡಿಗೆ ಶಕ್ತಿ ಹೋದರೆ ಯಾವುದಾದರೂ ಒಂದು ಜೋಡಿ ಗಾಡಿಯನ್ನು ಎಳೆದೋ ದೂಡಿಯೋ ದಾಟಿಸುತ್ತದೆ. ಕಡಿದಾದ ಏರಿಗೆ ಲೋ ಗೇರು ಬೇರೆ ಇದೆ. ಹಾಗೆಂದು ಅದು ಮಂತ್ರದಂಡವಲ್ಲ. ಒಣ ಡಾಂಬರಿನ ಮೇಲೆ ಜಿಮ್ನಿಯ ಆ ಲಿವರನ್ನು ಹಾಕಬಾರದು. ಮುಖ್ಯವಾಗಿ, ನಾಲ್ಕು ಚಕ್ರದ ಶಕ್ತಿ ಗಾಡಿಯನ್ನು ಹೊರಡಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಬ್ರೇಕು ಮತ್ತು ಟೈರು. ಹುಲಿಕಲ್ ಘಾಟಿಯ ಇಳಿಜಾರಿನಲ್ಲೋ ಆಗುಂಬೆಯ 14 ತಿರುವುಗಳಲ್ಲೋ ಮಳೆ ಹೊಡೆಯುವಾಗ ಇದನ್ನು ಮರೆತವರಿಗೆ ಯಾವ ಗಾಡಿಯೂ ಕಾವಲಲ್ಲ. ಅಲ್ಲಿ ತಗ್ಗಾದ ಪೋಲೊವೇ ಹೆಚ್ಚು ಸ್ಥಿರ ಎಂದು ಮಗ ಹೇಳಿದ್ದೂ ನಿಜವೇ.

ಹೀಗೆ ತೂಗುತ್ತ ಹೋದರೆ ತಕ್ಕಡಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅದನ್ನು ನಿಲ್ಲಿಸಿದ್ದು ಈ ಎರಡೂ ಅಲ್ಲದ ಮೂರನೆಯ ಒಂದು ಗಾಡಿ.

ನಮ್ಮ ಗುಡ್ಡದಲ್ಲಿ ಒಂಬತ್ತು ಮನೆಗಳಿವೆ. ನಮ್ಮದೊಂದೇ ಮುಸ್ಲಿಂ ಮನೆ. ಬಹಳ ವರ್ಷ ಈ ಒಂಬತ್ತು ಮನೆಗೂ ಇದ್ದದ್ದು ಮೇಲಿನಮನೆ ಯಜಮಾನರ ಹಳೆಯ ಮಹೀಂದ್ರ ಜೀಪು. ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸುವ ಜೀಪುಗಳನ್ನು ನೀವು ನೋಡಿರಬಹುದು, ಅದೇ ಜಾತಿಯದು. ಗೊಬ್ಬರದ ಚೀಲ, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸು, ಹಾವು ಕಡಿದ ಕೂಲಿಯಾಳು ಎಲ್ಲರೂ ಅದರಲ್ಲೇ ಲಾಂಚಿನ ದಡ ತಲುಪಿದ್ದು. ನಮ್ಮ ಮಗ ಹುಟ್ಟುವ ಮುಂಚಿನ ರಾತ್ರಿ ಹೊಸನಗರ ಸುತ್ತಿ ಸಾಗರದ ಆಸ್ಪತ್ರೆಗೆ ಹೋದದ್ದೂ ಅದರಲ್ಲೇ. ಡೀಸೆಲ್ಲಿಗೆ ಹಣ ಕೊಡಲು ಹೋದರೆ ಯಜಮಾನರು "ಮಗುವಿನ ಕೈಗೆ ಕೊಡಿ" ಎನ್ನುತ್ತಿದ್ದರು.

ಆ ಜೀಪಿನ ಕಂಪನಿಗೆ 1945ರಲ್ಲಿ ಇಟ್ಟ ಮೊದಲ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್ ಎಂಬುದು ಅನೇಕರಿಗೆ ತಿಳಿದಿಲ್ಲ. ಪಾಲುದಾರರಾಗಿದ್ದ ಗುಲಾಂ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಬದಲಾಯಿತು. ದೆಹಲಿ, ಕರಾಚಿಗಳಲ್ಲಿ ಪಾಲು ಮುರಿದರೂ ನಮ್ಮ ಗುಡ್ಡದಲ್ಲಿ ಆ ಜೀಪು ಪಾಲಿನ ಗಾಡಿಯಾಗಿಯೇ ಓಡಿತು. ಯಜಮಾನರಿಗೆ ವಯಸ್ಸಾಯಿತು, ಮಕ್ಕಳು ಊರು ಬಿಟ್ಟರು. ಸೇತುವೆಯಾದ ವರ್ಷವೇ ಜೀಪು ಗುಜರಿಗೆ ಹೋಯಿತು.

108 ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರಲ್ಲಿ ಶುರುವಾಯಿತು. ಅದರಿಂದ ಎಷ್ಟೋ ಜೀವ ಉಳಿದಿವೆ. ಸೇತುವೆಯಿಂದಾಗಿ ಇನ್ನು ರಾತ್ರಿಯೂ ಅದು ಹಿನ್ನೀರು ದಾಟಿ ಬರುತ್ತದೆ. ಆದರೆ ಮಳೆಗಾಲದಲ್ಲಿ ಅದು ನಿಲ್ಲುವುದು ಡಾಂಬರು ಮುಗಿದಲ್ಲಿ. ಅಲ್ಲಿಂದ ನಮ್ಮ ಒಂಬತ್ತು ಮನೆಗಳಿಗೆ ಒಂದೂಮುಕ್ಕಾಲು ಕಿಲೋಮೀಟರು. ಕಂಬಳಿಯಲ್ಲಿ ಹೊತ್ತು ತರಲು ಈಗ ಊರಲ್ಲಿ ಗಂಡಾಳುಗಳಿಲ್ಲ, ಇರುವವರೆಲ್ಲ ಅರವತ್ತು ದಾಟಿದವರು. ನಮ್ಮ ಅಂಗಳದಲ್ಲಿ ಗಾಡಿ ನಿಂತಿತೆಂದರೆ ನಡುರಾತ್ರಿ ಕದ ತಟ್ಟುವವರು ಇಲ್ಲಿಗೇ ಬರುತ್ತಾರೆ. ಆಗ "ಮಳೆಯಲ್ಲಿ ನಮ್ಮ ಗಾಡಿ ಇಳಿಯುವುದಿಲ್ಲ" ಎನ್ನುವ ಬಾಯಿ ನಮಗಿದೆಯೇ?

ಮಗನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಜಿಮ್ನಿಯ ಸೀಟಿನ ವಿಚಾರ ತಾನೇ ಹುಡುಕಿ ಹೇಳಿದ: ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಬಗ್ಗಿಸಿದರೆ ಹಿಂದಿನ ಸೀಟಿಗೆ ಕೂಡಿಕೊಳ್ಳುತ್ತದೆ, ಒಬ್ಬರನ್ನು ಮಲಗಿಸಬಹುದು. ಅವನ ಆಸೆ ತಪ್ಪೆಂದು ನಮಗೆ ಅನಿಸಲಿಲ್ಲ. ದುಡಿಯುವ ಹುಡುಗನಿಗೆ ಚಂದದ ಗಾಡಿ ಓಡಿಸುವ ಸಂತೋಷ ಬೇಡವೆನ್ನಲು ನಾವು ಯಾರು? ಮುಂದೆ ತನ್ನ ಸಂಬಳದಲ್ಲಿ ಅವನು ಅದನ್ನು ಕೊಳ್ಳಲಿ, ಬೆಂಗಳೂರಿನಲ್ಲಿ ಓಡಿಸಲಿ. ಆದರೆ ಈ ಅಂಗಳಕ್ಕೆ ಬರುವ ಗಾಡಿ ಓಡಿಸುವವನ ಆಸೆಗಿಂತ ಹತ್ತುವವರ ಅಗತ್ಯಕ್ಕೆ ಹೊಂದಬೇಕು.

ಕಡಿಮೆ ಬಿದ್ದ ಹಣವನ್ನು ಭಾವ ಕೈಸಾಲವಾಗಿ ಕೊಟ್ಟರು, ಮುಂದಿನ ಅಡಿಕೆ ಕೊಯ್ಲಿಗೆ ತೀರಿಸುವ ಮಾತಿನ ಮೇಲೆ. ಕೊಳ್ಳುವ ಮುಂಚೆ ನಂಬಿಕಸ್ಥ ಮೆಕ್ಯಾನಿಕ್ಕನನ್ನು ಕರೆದೊಯ್ದೆವು. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿದೆವು. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಕಲೆ ಇದೆಯೇ ಎಂದು ನೋಡಿದೆವು; ನೆರೆಯಲ್ಲಿ ಮುಳುಗಿದ ಗಾಡಿಯ ಗುಟ್ಟು ಅಲ್ಲಿ ಉಳಿದಿರುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ, ವರ್ಷ ಓದಿದೆವು. ಹಳೆಯ ಸಾಲ ತೀರಿದೆಯೇ, ದಂಡ ಬಾಕಿ ಇದೆಯೇ ಎಂದು ವಿಚಾರಿಸಿ, 29 ಮತ್ತು 30ನೇ ನಮೂನೆಗಳಿಗೆ ಸಹಿ ಆದ ಮೇಲೆಯೇ ಹಣ ಎಣಿಸಿದೆವು. ವಿಮೆಯನ್ನೂ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಂಡೆವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇಷ್ಟು ಎಚ್ಚರ ಸಾಕಾಗುತ್ತದೆ.

ಕಾರನ್ನು ಅಳೆಯುವಾಗ ನಾವೆಲ್ಲ ಸಾಮಾನ್ಯವಾಗಿ ದಾರಿಯ ಉದ್ದವನ್ನು ಲೆಕ್ಕ ಹಾಕುತ್ತೇವೆ. ಆದರೆ ಗಾಡಿಯ ನಿಜವಾದ ಪರೀಕ್ಷೆ ಆಗುವುದು ಆ ದಾರಿಯ ಅತ್ಯಂತ ಕೆಟ್ಟ ತುಂಡಿನಲ್ಲಿ, ಅತ್ಯಂತ ಕೆಟ್ಟ ರಾತ್ರಿಯಲ್ಲಿ. ಆರ್.ಸಿ.ಯಲ್ಲಿ ಒಬ್ಬರದೇ ಹೆಸರು ಇರುತ್ತದೆ, ನಿಜ. ಹಣ ಕೊಡದಿದ್ದರೂ ಹಕ್ಕಿರುವವರ ಹೆಸರುಗಳನ್ನು ಯಾವ ಆರ್.ಟಿ.ಓ. ಕಚೇರಿಯೂ ಬರೆಯುವುದಿಲ್ಲ. ಅದನ್ನು ನಾವೇ ನೆನಪಿಟ್ಟುಕೊಳ್ಳಬೇಕು.

ಮಗ ಇರುವುದು ಬೆಂಗಳೂರಿನಲ್ಲಿ. ನಾವು ಮನೆಯಲ್ಲಿಲ್ಲದ ದಿನ ಯಾರಾದರೂ ಬಂದು ಕೂಗಿದರೆ ಏನು ಗತಿ ಎಂಬ ಪ್ರಶ್ನೆ ಉಳಿದಿತ್ತು. ಮಗಳು ಈಗ ಸಾಗರದ ಡ್ರೈವಿಂಗ್ ಶಾಲೆಗೆ ಹೋಗುತ್ತಿದ್ದಾಳೆ. ಡಾಂಬರಿನ ಮೇಲೆ ಕೈ ಕುದುರಿದೆ. ಇನ್ನು ಕಲಿಯಬೇಕಾದ್ದು ಆ ಒಂದೂಮುಕ್ಕಾಲು ಕಿಲೋಮೀಟರು.